ಕೃಷಿ ಭೂಮಿಯ ಮಣ್ಣಿನಲ್ಲಿ ಸಾವಯವ ಇಂಗಾಲದ ಸಂರಕ್ಷಣೆ ಮತ್ತು ಹೆಚ್ಚಳ: ರೈತರಿಗೆ ಮಾಹಿತಿ

1. ಪೀಠಿಕೆ

ಮಣ್ಣಿನ ಫಲವತ್ತತೆಗೆ ಆಧಾರವಾಗಿರುವುದು ಅದರಲ್ಲಿರುವ ಸಾವಯವ ಇಂಗಾಲ. ಮಣ್ಣು ಪರೀಕ್ಷಾ ವರದಿಯಲ್ಲಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಪ್ರಮಾಣಗಳ ಜೊತೆಗೆ ಸಾವಯವ ಇಂಗಾಲದ ಶೇಕಡಾವಾರು ಪ್ರಮಾಣವನ್ನೂ ನಮೂದಿಸಲಾಗಿರುತ್ತದೆ. ಬಹುತೇಕ ರೈತರು ರಸಗೊಬ್ಬರದ ಶಿಫಾರಸನ್ನು ಮಾತ್ರ ಗಮನಿಸುವುದರಿಂದ ಈ ಅಂಶವು ಅವರ ಗಮನಕ್ಕೆ ಬಾರದೆ ಉಳಿಯುತ್ತದೆ.

ಹವಾಮಾನ ಬದಲಾವಣೆಯ ಹಿನ್ನೆಲೆಯಲ್ಲಿ ಈ ವಿಷಯಕ್ಕೆ ಎರಡು ಕಾರಣಗಳಿಂದ ಮಹತ್ವ ಬಂದಿದೆ. ಮೊದಲನೆಯದಾಗಿ, ಉಷ್ಣತೆ ಹೆಚ್ಚಿದಂತೆ ಮಣ್ಣಿನಲ್ಲಿರುವ ಇಂಗಾಲವು ಬೇಗ ಕರಗಿ ಗಾಳಿಗೆ ಸೇರುತ್ತದೆ. ಎರಡನೆಯದಾಗಿ, ಮಣ್ಣಿನಲ್ಲಿ ಇಂಗಾಲ ಶೇಖರಿಸುವ ರೈತರಿಗೆ ಹಣ ನೀಡುವುದಾಗಿ ಹೇಳುವ ಯೋಜನೆಗಳು ಹಳ್ಳಿಗಳಿಗೂ ಬರಲಾರಂಭಿಸಿವೆ. ರೈತರು ತಮ್ಮ ಜಮೀನಿನಲ್ಲಿ ಏನು ಸಾಧ್ಯ, ಎಷ್ಟು ಕಾಲ ಬೇಕು, ಯಾವ ಭರವಸೆಯನ್ನು ಎಷ್ಟು ನಂಬಬಹುದು ಎಂಬುದನ್ನು ತಾವೇ ಲೆಕ್ಕ ಹಾಕಿ ನೋಡಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಸಾವಯವ ಇಂಗಾಲ ಎಂದರೇನು?

ಗಿಡಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬೇರು, ಕಾಂಡ, ಎಲೆ ಮತ್ತು ಕಾಳುಗಳನ್ನು ಉಂಟುಮಾಡುತ್ತವೆ. ಇವುಗಳ ಉಳಿಕೆಗಳು ಹಾಗೂ ದನದ ಸಗಣಿ ಮಣ್ಣಿಗೆ ಸೇರಿದಾಗ ಸೂಕ್ಷ್ಮಜೀವಿಗಳು ಅವುಗಳನ್ನು ಕೊಳೆಸುತ್ತವೆ. ಇದರಲ್ಲಿ ಹೆಚ್ಚಿನ ಭಾಗವು ಮತ್ತೆ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಸ್ವಲ್ಪ ಭಾಗವು ಜೇಡಿ ಕಣಗಳಿಗೆ ಅಂಟಿಕೊಂಡು ಅಥವಾ ಮಣ್ಣಿನ ಸಣ್ಣ ಉಂಡೆಗಳ ಒಳಗೆ ಸೇರಿಕೊಂಡು ಹಲವಾರು ವರ್ಷ ಉಳಿಯುತ್ತದೆ. ಹೀಗೆ ಉಳಿದ ಸಾವಯವ ಪದಾರ್ಥದಲ್ಲಿ ಶೇ. 58ರಷ್ಟು ಇಂಗಾಲವಿರುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕಲಾಗುತ್ತದೆ.

ಭೂಮಿಯ ಮೇಲಿನ ಒಂದು ಮೀಟರ್ ಆಳದ ಮಣ್ಣಿನಲ್ಲಿ ಪ್ರಪಂಚದಾದ್ಯಂತ ಸುಮಾರು 1,50,000 ಕೋಟಿ ಟನ್ ಸಾವಯವ ಇಂಗಾಲವಿದೆ ಎಂದು ಅಂದಾಜಿಸಲಾಗಿದೆ. ಇದು ವಾತಾವರಣದಲ್ಲಿರುವ ಇಂಗಾಲಕ್ಕಿಂತ ಹೆಚ್ಚು. ಆದ್ದರಿಂದ ಮಣ್ಣಿನ ಇಂಗಾಲದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ವಾತಾವರಣದ ಮೇಲೆ ಪರಿಣಾಮ ಬೀರುತ್ತದೆ.

ಮಣ್ಣು ಪರೀಕ್ಷಾ ವರದಿಯಲ್ಲಿ ಸಾವಯವ ಇಂಗಾಲವನ್ನು ಈ ಕೆಳಕಂಡಂತೆ ವರ್ಗೀಕರಿಸಲಾಗುತ್ತದೆ:

- ಶೇ. 0.50ಕ್ಕಿಂತ ಕಡಿಮೆ: ಕಡಿಮೆ
- ಶೇ. 0.50ರಿಂದ 0.75: ಮಧ್ಯಮ
- ಶೇ. 0.75ಕ್ಕಿಂತ ಹೆಚ್ಚು: ಅಧಿಕ

ಸೂಚನೆ: ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಮುಂತಾದ ಜಿಲ್ಲೆಗಳ ಕಪ್ಪು ಮಣ್ಣಿನಲ್ಲಿ ಸುಣ್ಣದ ಹರಳುಗಳು ಕಂಡುಬರುತ್ತವೆ. ಇವುಗಳಲ್ಲಿಯೂ ಇಂಗಾಲವಿದ್ದರೂ ಅದು ಸಾವಯವ ಇಂಗಾಲವಲ್ಲ. ಅದರಿಂದ ಮಣ್ಣಿನ ಫಲವತ್ತತೆ ಹೆಚ್ಚುವುದಿಲ್ಲ. ವರದಿಯಲ್ಲಿ ನಮೂದಿಸುವ ಪ್ರಮಾಣವು ಸಾವಯವ ಇಂಗಾಲಕ್ಕೆ ಮಾತ್ರ ಸಂಬಂಧಿಸಿದ್ದಾಗಿರುತ್ತದೆ.

3. ತಾಪಮಾನ ಏರಿಕೆಯಿಂದ ಆಗುವ ಪರಿಣಾಮಗಳು

ಕೇಂದ್ರ ಭೂ ವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ತಾಪಮಾನವು ಸುಮಾರು 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. ಇದರಿಂದ ಮಣ್ಣಿನ ಇಂಗಾಲದ ಮೇಲೆ ಆಗುವ ಪರಿಣಾಮಗಳು ಹೀಗಿವೆ:

ಅ) ಕೊಳೆಯುವಿಕೆಯ ವೇಗ: ತೇವಾಂಶ ಸಾಕಷ್ಟಿದ್ದಲ್ಲಿ, ಉಷ್ಣತೆಯು 10 ಡಿಗ್ರಿ ಹೆಚ್ಚಿದರೆ ಸಾವಯವ ಪದಾರ್ಥ ಕೊಳೆಯುವ ವೇಗವು ಸುಮಾರು ಎರಡರಷ್ಟಾಗುತ್ತದೆ. ಒಂದೇ ಪ್ರಮಾಣದ ಗೊಬ್ಬರ ಹಾಕಿದರೂ ತಂಪು ಪ್ರದೇಶದ ಮಣ್ಣಿನಲ್ಲಿ ಹೆಚ್ಚು ಇಂಗಾಲ ಉಳಿಯುವುದಕ್ಕೆ ಹಾಗೂ ನಮ್ಮ ಬಯಲುಸೀಮೆಯ ಮಣ್ಣಿನಲ್ಲಿ ಕಡಿಮೆ ಉಳಿಯುವುದಕ್ಕೆ ಇದು ಮುಖ್ಯ ಕಾರಣ.

ಆ) ಮೊದಲ ಮಳೆಯ ನಷ್ಟ: ಬೇಸಿಗೆಯಲ್ಲಿ ಕಾದು ಒಣಗಿದ ಬರಿ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಅಧಿಕ ಪ್ರಮಾಣದ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಮಳೆ ಬಿಟ್ಟುಬಿಟ್ಟು ಬಂದಂತೆಲ್ಲ ಈ ಕ್ರಿಯೆ ಮರುಕಳಿಸುತ್ತದೆ.

ಇ) ಮಣ್ಣು ಕೊಚ್ಚಣೆ: ಮಣ್ಣಿನ ಇಂಗಾಲ ಹೆಚ್ಚಾಗಿರುವುದು ಮೇಲ್ಪದರದಲ್ಲಿ. ಅಲ್ಪ ಅವಧಿಯಲ್ಲಿ ರಭಸದ ಮಳೆ ಸುರಿದಾಗ ಮೊದಲು ಕೊಚ್ಚಿ ಹೋಗುವುದೂ ಇದೇ ಪದರ.

ಈ) ಬೆಳೆಯ ಕುಂಠಿತ: ಬರಗಾಲದಲ್ಲಿ ಬೆಳೆ ಸೊರಗಿದರೆ ಬೇರು ಮತ್ತು ಕೂಳೆಯ ರೂಪದಲ್ಲಿ ಮಣ್ಣಿಗೆ ಮರಳುವ ಇಂಗಾಲವೂ ಕಡಿಮೆಯಾಗುತ್ತದೆ. 2023ರ ಮುಂಗಾರಿನಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅಂತಹ ವರ್ಷದಲ್ಲಿ ಫಸಲಿನ ಜೊತೆಗೆ ಮಣ್ಣಿಗೆ ಸೇರಬೇಕಾದ ಉಳಿಕೆಯೂ ನಷ್ಟವಾಗುತ್ತದೆ.

ಮೇಲಿನ ಅಂಶಗಳಿಂದ ತಿಳಿದುಬರುವುದೇನೆಂದರೆ, ಮಣ್ಣಿನ ಇಂಗಾಲವು ಒಮ್ಮೆ ಕೂಡಿಟ್ಟರೆ ಸದಾ ಉಳಿಯುವ ಗಂಟಲ್ಲ. ಪ್ರತಿ ವರ್ಷವೂ ಅದರಲ್ಲಿ ಒಂದಂಶ ಖರ್ಚಾಗುತ್ತಲೇ ಇರುತ್ತದೆ. ಖರ್ಚಾದಷ್ಟನ್ನು ತುಂಬಿ, ಅದರ ಮೇಲೆ ಸ್ವಲ್ಪ ಹೆಚ್ಚಾಗಿ ಸೇರಿಸಿದಾಗ ಮಾತ್ರ ಇಂಗಾಲ ಹೆಚ್ಚುತ್ತದೆ. ತಾಪಮಾನ ಏರಿದಂತೆ ಖರ್ಚಿನ ಬಾಬ್ತು ಹೆಚ್ಚಾಗುವುದರಿಂದ ಇರುವುದನ್ನು ಉಳಿಸಿಕೊಳ್ಳುವುದೇ ಮೊದಲ ಆದ್ಯತೆಯಾಗತಕ್ಕದ್ದು.

4. ರಾಜ್ಯದ ಮಣ್ಣುಗಳು ಮತ್ತು ಇಂಗಾಲ

ಕೆಂಪು ಮಣ್ಣು: ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರು ಗ್ರಾಮಾಂತರ ಮುಂತಾದ ಜಿಲ್ಲೆಗಳ ಖುಷ್ಕಿ ಜಮೀನುಗಳಲ್ಲಿ ಈ ಮಣ್ಣು ಹೆಚ್ಚು. ಮೇಲ್ಪದರದಲ್ಲಿ ಜೇಡಿ ಅಂಶ ಕಡಿಮೆ ಇರುವುದರಿಂದ ಇಂಗಾಲವನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಮಳೆಯ ನಂತರ ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ.

ಕಪ್ಪು ಮಣ್ಣು: ಉತ್ತರ ಕರ್ನಾಟಕದ ಬಯಲು ಜಿಲ್ಲೆಗಳಲ್ಲಿ ಕಂಡುಬರುತ್ತದೆ. ಜೇಡಿ ಅಂಶ ಅಧಿಕವಾಗಿರುವುದರಿಂದ ಇಂಗಾಲ ಹಿಡಿದಿಡುವ ಸಾಮರ್ಥ್ಯ ಹೆಚ್ಚು. ಆದರೆ ಹಿಂಗಾರು ಬೆಳೆಗಾಗಿ ಮುಂಗಾರಿನಲ್ಲಿ ಜಮೀನನ್ನು ಬೀಳು ಬಿಡುವ ಪದ್ಧತಿಯಿರುವಲ್ಲಿ ಮಳೆಗಾಲದುದ್ದಕ್ಕೂ ನೆಲ ಬರಿದಾಗಿರುತ್ತದೆ. ಹೀಗಾಗಿ ಸಾಮರ್ಥ್ಯವಿದ್ದರೂ ಇಂಗಾಲ ತುಂಬಿರುವುದಿಲ್ಲ.

ಮಲೆನಾಡಿನ ಮಣ್ಣು: ಕೊಡಗು, ಚಿಕ್ಕಮಗಳೂರು ಮುಂತಾದೆಡೆ ನೆರಳು ಮರಗಳ ಅಡಿಯಲ್ಲಿರುವ ಕಾಫಿ ತೋಟಗಳಲ್ಲಿ ಎಲೆ ಉದುರುವುದರಿಂದ ಹಾಗೂ ಉಳುಮೆ ಇಲ್ಲದಿರುವುದರಿಂದ ಸಾವಯವ ಇಂಗಾಲ ಸಾಮಾನ್ಯವಾಗಿ ಅಧಿಕವಾಗಿರುತ್ತದೆ. ಇಲ್ಲಿ ಹೆಚ್ಚಿಸುವುದಕ್ಕಿಂತ ಇರುವ ಮರಗಳನ್ನು ಉಳಿಸಿಕೊಳ್ಳುವುದು ಮುಖ್ಯ.

ನೀರಾವರಿ ಅಚ್ಚುಕಟ್ಟು ಪ್ರದೇಶ: ಭತ್ತದ ಗದ್ದೆಗಳಲ್ಲಿ ನೀರು ನಿಲ್ಲುವುದರಿಂದ ಗಾಳಿಯಾಡದೆ ಇಂಗಾಲ ನಿಧಾನವಾಗಿ ಕೊಳೆಯುತ್ತದೆ. ಆದರೆ ಹಸಿ ಹುಲ್ಲನ್ನು ನೀರು ನಿಂತ ಗದ್ದೆಗೆ ತುಳಿಸಿದರೆ ಮೀಥೇನ್ ಎಂಬ ಶಾಖವರ್ಧಕ ಅನಿಲ ಹೆಚ್ಚು ಉತ್ಪತ್ತಿಯಾಗುತ್ತದೆ. ಆದುದರಿಂದ ಹುಲ್ಲನ್ನು ಕಾಂಪೋಸ್ಟ್ ಮಾಡಿ ಬಳಸುವುದು ಸೂಕ್ತ.

5. ಎಷ್ಟು ಇಂಗಾಲ, ಎಷ್ಟು ವರ್ಷ: ಒಂದು ಲೆಕ್ಕ

ಕೆಂಪು ಮಣ್ಣಿನ ಒಂದು ಎಕರೆ ಖುಷ್ಕಿ ಜಮೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

- ಮೇಲಿನ 15 ಸೆಂ.ಮೀ. ಆಳದ ಮಣ್ಣಿನ ತೂಕ: ಸುಮಾರು 900 ಟನ್
- ಸಾವಯವ ಇಂಗಾಲ ಶೇ. 0.40 ಇದ್ದಲ್ಲಿ ಒಟ್ಟು ಇಂಗಾಲ: 3.6 ಟನ್
- ಅದನ್ನು ಶೇ. 0.50ಕ್ಕೆ ಏರಿಸಲು ಬೇಕಾಗುವ ಹೆಚ್ಚುವರಿ ಇಂಗಾಲ: 0.9 ಟನ್, ಅಂದರೆ 900 ಕಿ.ಗ್ರಾಂ.

ಎಕರೆಗೆ ಪ್ರತಿ ವರ್ಷ 4 ಟನ್, ಅಂದರೆ ಎತ್ತಿನ ಗಾಡಿಯಲ್ಲಿ ಸುಮಾರು 8 ಗಾಡಿ ಕೊಟ್ಟಿಗೆ ಗೊಬ್ಬರ ಹಾಕಲಾಗುತ್ತದೆ ಎಂದು ಭಾವಿಸೋಣ. ಗೊಬ್ಬರದಲ್ಲಿನ ನೀರಿನಂಶವನ್ನು ಕಳೆದು ನೋಡಿದಾಗ ಅದರಲ್ಲಿ ಸುಮಾರು 400 ಕಿ.ಗ್ರಾಂ. ಇಂಗಾಲವಿರುತ್ತದೆ. ಇದರಲ್ಲಿ ಬಹುಪಾಲು ಕೊಳೆತು ಹೋಗಿ ದೀರ್ಘಕಾಲದಲ್ಲಿ ಎಂಟನೆಯ ಒಂದು ಭಾಗದಷ್ಟು, ಅಂದರೆ ವರ್ಷಕ್ಕೆ ಸುಮಾರು 50 ಕಿ.ಗ್ರಾಂ. ಮಾತ್ರ ಉಳಿಯುತ್ತದೆಂದು ಲೆಕ್ಕ ಹಾಕಬಹುದು. ಆ ಪ್ರಕಾರ ಕೊಟ್ಟಿಗೆ ಗೊಬ್ಬರವೊಂದರಿಂದಲೇ ಶೇ. 0.40ರಿಂದ 0.50ಕ್ಕೆ ತಲುಪಲು ಸುಮಾರು 18 ವರ್ಷ ಬೇಕಾಗುತ್ತದೆ.

ಇದು ಅಂದಾಜು ಲೆಕ್ಕವಷ್ಟೆ. ಮಣ್ಣು, ಮಳೆ ಮತ್ತು ಗೊಬ್ಬರದ ಗುಣಮಟ್ಟಕ್ಕೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಬೇರು, ಕೂಳೆ, ಹೊದಿಕೆ, ಬದುವಿನ ಮರ ಮುಂತಾದವುಗಳನ್ನು ಒಟ್ಟಿಗೆ ಅಳವಡಿಸಿದರೆ ಅವಧಿ ಕಡಿಮೆಯಾಗುತ್ತದೆ. ಆದರೂ ಒಂದೆರಡು ಹಂಗಾಮಿನಲ್ಲಿ ಇಂಗಾಲವನ್ನು ಎರಡರಷ್ಟು ಮಾಡುವುದಾಗಿ ಹೇಳುವ ಯಾವುದೇ ದ್ರಾವಣ, ಪುಡಿ ಅಥವಾ ಉತ್ಪನ್ನದ ಪ್ರಚಾರವನ್ನು ರೈತರು ಈ ಲೆಕ್ಕದೊಂದಿಗೆ ಹೋಲಿಸಿ ನೋಡತಕ್ಕದ್ದು. ಎಕರೆಗೆ ಕೆಲವು ಲೀಟರ್ ದ್ರಾವಣ ಹಾಕುವುದರಿಂದ ನೂರಾರು ಕಿಲೋ ಇಂಗಾಲ ಮಣ್ಣಿಗೆ ಸೇರಲಾರದು.

ಸಾರಜನಕದ ಅಗತ್ಯ: ಮಣ್ಣಿನಲ್ಲಿ ಸ್ಥಿರವಾಗಿ ಉಳಿಯುವ ಸಾವಯವ ಪದಾರ್ಥದಲ್ಲಿ ಇಂಗಾಲ ಮತ್ತು ಸಾರಜನಕ ಸುಮಾರು 10ರಿಂದ 12ಕ್ಕೆ 1ರ ಅನುಪಾತದಲ್ಲಿರುತ್ತವೆ. ಅಂದರೆ ಮೇಲಿನ 900 ಕಿ.ಗ್ರಾಂ. ಇಂಗಾಲ ಉಳಿಯಬೇಕಾದರೆ ಅದರ ಜೊತೆಗೆ 75ರಿಂದ 90 ಕಿ.ಗ್ರಾಂ. ಸಾರಜನಕವೂ ಮಣ್ಣಿನಲ್ಲಿ ಸೇರಿಕೊಳ್ಳಬೇಕು. ಬರೀ ಒಣ ಹುಲ್ಲು, ಸಿಪ್ಪೆ ಅಥವಾ ಕಡ್ಡಿಯನ್ನು ಮಣ್ಣಿಗೆ ಸೇರಿಸಿದರೆ ಬೆಳೆಗೆ ಸಾರಜನಕದ ಕೊರತೆ ಉಂಟಾಗಿ ಪೈರು ಹಳದಿಯಾಗುವುದು ಇದೇ ಕಾರಣದಿಂದ. ದ್ವಿದಳ ಧಾನ್ಯದ ಬೆಳೆ ಹಾಗೂ ಸಮತೋಲನ ಗೊಬ್ಬರ ಬಳಕೆ ಇಲ್ಲದೆ ಇಂಗಾಲ ಹೆಚ್ಚಿಸಲು ಸಾಧ್ಯವಿಲ್ಲ.

6. ದೀರ್ಘಾವಧಿ ಪ್ರಯೋಗಗಳಿಂದ ತಿಳಿದುಬಂದ ಅಂಶಗಳು

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವತಿಯಿಂದ ಕೆಂಪು ಮಣ್ಣಿನ ಖುಷ್ಕಿ ಜಮೀನಿನಲ್ಲಿ ರಾಗಿ ಬೆಳೆಯ ಮೇಲೆ 1978ರಲ್ಲಿ ದೀರ್ಘಾವಧಿ ಪ್ರಯೋಗ ಆರಂಭಿಸಲಾಯಿತು. ಏನೂ ಗೊಬ್ಬರ ಹಾಕದ ತಾಕು, ರಸಗೊಬ್ಬರ ಮಾತ್ರ ಹಾಕಿದ ತಾಕು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದ ತಾಕು ಮತ್ತು ಎರಡನ್ನೂ ಸೇರಿಸಿ ಹಾಕಿದ ತಾಕುಗಳನ್ನು ಹೋಲಿಸಿ ನೋಡಲಾಗಿದೆ. ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸು ಮಾಡಿದ ರಸಗೊಬ್ಬರವನ್ನು ನೀಡಿದ ತಾಕುಗಳಲ್ಲಿ ಇಳುವರಿಯೂ, ಮಣ್ಣಿನ ಇಂಗಾಲವೂ ಉತ್ತಮವಾಗಿ ಉಳಿದುಬಂದಿವೆ. ರಸಗೊಬ್ಬರವನ್ನು ಮಾತ್ರ ವರ್ಷಾನುಗಟ್ಟಲೆ ನೀಡಿದ ತಾಕುಗಳಲ್ಲಿ ಇಳುವರಿ ಕ್ರಮೇಣ ಇಳಿಮುಖವಾಗಿದೆ.

ಇದೇ ಆವರಣದಲ್ಲಿ ರಾಗಿ ಮತ್ತು ಮುಸುಕಿನ ಜೋಳದ ಮೇಲೆ 1986ರಿಂದ ನಡೆದ ಇನ್ನೊಂದು ಪ್ರಯೋಗದಲ್ಲಿ, ಸಾರಜನಕವನ್ನು ಮಾತ್ರ ನೀಡಿದ ತಾಕುಗಳ ಮಣ್ಣು ಆಮ್ಲೀಯವಾಗಿ ಇಳುವರಿ ಕುಸಿದಿರುವುದು ಕಂಡುಬಂದಿದೆ. ಯೂರಿಯಾ ಒಂದನ್ನೇ ನೆಚ್ಚಿಕೊಳ್ಳುವ ರೈತರು ಇದನ್ನು ಗಮನಿಸತಕ್ಕದ್ದು.

ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ 1976ರಲ್ಲಿ ಕಪ್ಪು ಮಣ್ಣಿನ ಮೇಲೆ ಪ್ರಯೋಗ ಆರಂಭಿಸಿತು. ಅಗಲ ಮಡಿ ಮತ್ತು ಕಾಲುವೆ ಪದ್ಧತಿಯಲ್ಲಿ ಮುಂಗಾರಿನಿಂದಲೇ ಜೋಳ ಮತ್ತು ತೊಗರಿಯಂತಹ ಮಿಶ್ರ ಬೆಳೆಗಳನ್ನು ಸಮತೋಲನ ಗೊಬ್ಬರದೊಂದಿಗೆ ಬೆಳೆದ ಭಾಗವನ್ನು, ಮುಂಗಾರಿನಲ್ಲಿ ಬೀಳು ಬಿಟ್ಟು ಹಿಂಗಾರು ಬೆಳೆ ಮಾತ್ರ ಬೆಳೆದ ಭಾಗದೊಂದಿಗೆ ಹೋಲಿಸಲಾಯಿತು. 24 ವರ್ಷಗಳ ನಂತರ ಮೊದಲನೆಯ ಭಾಗದ ಮಣ್ಣಿನಲ್ಲಿ, ಆಳದ ಪದರಗಳೂ ಸೇರಿ, ಹೆಕ್ಟೇರಿಗೆ ಸುಮಾರು 7 ಟನ್ ಹೆಚ್ಚು ಇಂಗಾಲವಿತ್ತು. ಧಾನ್ಯದ ಇಳುವರಿಯೂ ಹಲವು ಪಟ್ಟು ಹೆಚ್ಚಿತ್ತು. ನೆಲವನ್ನು ಬರಿದು ಬಿಡದೆ ಹೆಚ್ಚು ಬೆಳೆ ಬೆಳೆದದ್ದೇ ಇಂಗಾಲ ಹೆಚ್ಚಲು ಕಾರಣವಾಯಿತೆಂಬುದು ಇದರ ಸಾರಾಂಶ.

7. ರೈತರು ಅನುಸರಿಸಬಹುದಾದ ಕ್ರಮಗಳು

7.1 ಮೇಲ್ಮಣ್ಣಿನ ಸಂರಕ್ಷಣೆ

ಇದು ಮೊದಲ ಹೆಜ್ಜೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡುವುದು, ಬದುಗಳನ್ನು ಮಳೆಗೆ ಮುಂಚೆ ದುರಸ್ತಿ ಮಾಡುವುದು, ಕಪ್ಪು ಮಣ್ಣಿನಲ್ಲಿ ಚೌಕು ಮಡಿಗಳನ್ನು ನಿರ್ಮಿಸುವುದು ಅಗತ್ಯ. ಒಂದು ಬಿರುಮಳೆಗೆ ಕೊಚ್ಚಿ ಹೋಗುವ ಇಂಗಾಲವನ್ನು ಮತ್ತೆ ತುಂಬಲು ಹಲವು ವರ್ಷಗಳ ಗೊಬ್ಬರ ಬೇಕಾಗುತ್ತದೆ. ಕೆರೆಗೋಡು ಲಭ್ಯವಿದ್ದಲ್ಲಿ ಪರೀಕ್ಷಿಸಿ ಕೆಂಪು ಮರಳು ಮಿಶ್ರಿತ ಜಮೀನಿಗೆ ಹಾಕುವುದರಿಂದ ಜೇಡಿ ಅಂಶ ಹೆಚ್ಚಿ, ಇಂಗಾಲ ಮತ್ತು ತೇವ ಹಿಡಿದಿಡುವ ಶಕ್ತಿ ಉತ್ತಮಗೊಳ್ಳುತ್ತದೆ.

7.2 ಕೊಟ್ಟಿಗೆ ಗೊಬ್ಬರದ ಸರಿಯಾದ ನಿರ್ವಹಣೆ

ತಿಪ್ಪೆಯನ್ನು ಬಿಸಿಲಿಗೆ ತೆರೆದಿಡದೆ ಗುಂಡಿಯಲ್ಲಿ ತುಂಬಿ, ನೆರಳು ಒದಗಿಸಿ, ಮೇಲೆ ಮಣ್ಣು ಮುಚ್ಚಬೇಕು. ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ಸಣ್ಣ ಗುಡ್ಡೆಗಳಾಗಿ ವಾರಗಟ್ಟಲೆ ಬಿಡುವ ಪದ್ಧತಿಯಿಂದ ಸಾರಜನಕ ಹಾಗೂ ಇಂಗಾಲ ಎರಡೂ ನಷ್ಟವಾಗುತ್ತವೆ. ಸಾಗಿಸಿದ ದಿನವೇ ಹರಡಿ ಮಣ್ಣಿನಲ್ಲಿ ಬೆರೆಸುವುದು ಸೂಕ್ತ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ.

7.3 ಹೆಚ್ಚು ಬೇರು, ಹೆಚ್ಚು ಕಾಲ ಹಸಿರು

ಮೇಲೆ ಹರಡಿದ ಎಲೆ, ಕಾಂಡಗಳಿಗಿಂತ ಬೇರಿನಿಂದ ಬಂದ ಇಂಗಾಲವು ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ವರ್ಷದಲ್ಲಿ ಹೆಚ್ಚು ದಿನ ಜೀವಂತ ಬೇರು ನೆಲದಲ್ಲಿರುವಂತೆ ಬೆಳೆ ಯೋಜನೆ ಮಾಡಿಕೊಳ್ಳಬೇಕು.

- ಕೆಂಪು ಮಣ್ಣಿನಲ್ಲಿ ರಾಗಿಯೊಂದಿಗೆ ತೊಗರಿ ಅಥವಾ ಅವರೆಯನ್ನು ಅಕ್ಕಡಿ ಸಾಲಾಗಿ ಬೆಳೆಯುವುದು. ರಾಗಿ ಕೊಯ್ಲಾದ ನಂತರವೂ ತೊಗರಿಯ ಆಳವಾದ ಬೇರು ಹಿಂಗಾರಿನವರೆಗೆ ಕೆಲಸ ಮಾಡುತ್ತದೆ.
- ಕಪ್ಪು ಮಣ್ಣಿನಲ್ಲಿ ಮಳೆ ಅನುಕೂಲವಿದ್ದಲ್ಲಿ ಮುಂಗಾರಿನಲ್ಲಿ ಹೆಸರು, ನಂತರ ಹಿಂಗಾರಿನಲ್ಲಿ ಜೋಳ ಅಥವಾ ಕಡಲೆ ಬೆಳೆಯುವುದು.
- ಏಕಬೆಳೆಯ ಬದಲು ದ್ವಿದಳ ಧಾನ್ಯ ಅಥವಾ ಶೇಂಗಾದೊಂದಿಗೆ ಬೆಳೆ ಪರಿವರ್ತನೆ ಮಾಡುವುದು.

7.4 ಹಸಿರೆಲೆ ಗೊಬ್ಬರ

ಮುಂಗಾರು ಪೂರ್ವ ಮಳೆಗೆ ಅಪ್ಸೆಣಬು, ಡಯಾಂಚ, ಅಲಸಂದೆ ಅಥವಾ ಹುರುಳಿ ಬಿತ್ತಿ, ಹೂವಾಡುವ ಹಂತದಲ್ಲಿ, ಸುಮಾರು 45ರಿಂದ 50 ದಿನಗಳಲ್ಲಿ, ಮಣ್ಣಿಗೆ ಸೇರಿಸಬೇಕು. ಬದುವಿನ ಮೇಲೆ ಬೆಳೆಸಿದ ಗ್ಲಿರಿಸಿಡಿಯಾ ಮತ್ತು ಹೊಂಗೆಯ ಸೊಪ್ಪನ್ನೂ ಬಳಸಬಹುದು. ಎಳೆಯ ಹಸಿರು ಸೊಪ್ಪು ಬೇಗ ಕೊಳೆಯುವುದರಿಂದ ಇದರ ಮುಖ್ಯ ಲಾಭ ಸಾರಜನಕದ ಪೂರೈಕೆ. ದೀರ್ಘಕಾಲ ಉಳಿಯುವ ಇಂಗಾಲ ಇದರಿಂದ ಅಲ್ಪ. ಹೀಗಾಗಿ ಹಸಿರೆಲೆ ಗೊಬ್ಬರವನ್ನು ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟಿಗೆ ಬದಲಿಯಾಗಿ ಪರಿಗಣಿಸದೆ ಪೂರಕವಾಗಿ ಪರಿಗಣಿಸಬೇಕು. ಮಳೆ ಕಡಿಮೆ ಇರುವಲ್ಲಿ ಹಸಿರೆಲೆ ಬೆಳೆಯು ಮುಂದಿನ ಬೆಳೆಯ ತೇವವನ್ನು ಬಳಸಿಕೊಳ್ಳುವ ಸಾಧ್ಯತೆ ಇರುವುದರಿಂದ ಸ್ಥಳೀಯ ಕೃಷಿ ಅಧಿಕಾರಿಗಳ ಸಲಹೆ ಪಡೆಯತಕ್ಕದ್ದು.

7.5 ಬೆಳೆ ಉಳಿಕೆಗಳ ಬಳಕೆ

ರಾಗಿ ಹುಲ್ಲು, ಜೋಳದ ಸೊಪ್ಪೆ ಮುಂತಾದವು ದನಗಳ ಮೇವು. ಇವನ್ನು ಮಣ್ಣಿಗೆ ಸೇರಿಸಬೇಕೆಂಬ ಸಲಹೆ ಪ್ರಾಯೋಗಿಕವಲ್ಲ. ಮೇವು ದನಕ್ಕೆ, ಸಗಣಿ ಹೊಲಕ್ಕೆ ಎಂಬ ಕ್ರಮವೇ ಸರಿ. ಆದರೆ ಮೇವಾಗಿ ಬಳಕೆಯಾಗದ ಉಳಿಕೆಗಳನ್ನು ಸುಡಬಾರದು. ಕಬ್ಬಿನ ಬೆಳೆಯಲ್ಲಿ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ರವದಿ ದೊರೆಯುತ್ತದೆ. ಅದನ್ನು ಕೂಳೆ ಬೆಳೆಯ ಸಾಲುಗಳ ನಡುವೆ ಹರಡಿ ಕೊಳೆಯಲು ಬಿಟ್ಟರೆ ತೇವ ಉಳಿದು, ಕಳೆ ತಗ್ಗಿ, ಇಂಗಾಲವೂ ಸೇರುತ್ತದೆ. ತೊಗರಿ ಮತ್ತು ಹತ್ತಿ ಕಟ್ಟಿಗೆಯನ್ನು ಕತ್ತರಿಸಿ ಕಾಂಪೋಸ್ಟ್ ಮಾಡಬಹುದು.

7.6 ಉಳುಮೆ

ಅನಗತ್ಯ ಉಳುಮೆಯಿಂದ ಇಂಗಾಲ ಬೇಗ ಕರಗುತ್ತದೆ. ಆದರೆ ಶೂನ್ಯ ಉಳುಮೆಯು ಎಲ್ಲ ಮಣ್ಣಿಗೂ ಹೊಂದುವುದಿಲ್ಲ. ಹೆಪ್ಪುಗಟ್ಟುವ ಕೆಂಪು ಮಣ್ಣಿನಲ್ಲಿ ಹೊದಿಕೆಯಿಲ್ಲದೆ ಉಳುಮೆ ನಿಲ್ಲಿಸಿದರೆ ಮಳೆ ನೀರು ಇಂಗದೆ ಹರಿದು ಹೋಗಿ ಇಳುವರಿ ಕಡಿಮೆಯಾಗುತ್ತದೆ. ಅಂತಹಲ್ಲಿ ಉಳುಮೆಗಳ ಸಂಖ್ಯೆಯನ್ನು ತಗ್ಗಿಸಿ, ಹೊದಿಕೆ ಸಿಕ್ಕಷ್ಟನ್ನು ಬಳಸುವುದು ಮಧ್ಯಮ ಮಾರ್ಗ. ಇಳಿಜಾರಿನ ಜಮೀನಿನಲ್ಲಿ ಮಾಗಿ ಉಳುಮೆಯನ್ನು ಇಳಿಜಾರಿಗೆ ಅಡ್ಡಲಾಗಿ ಮಾತ್ರ ಮಾಡತಕ್ಕದ್ದು.

7.7 ಬದುವಿನ ಮರಗಳು

ಬದುವಿನ ಮೇಲೆ ಹೊಂಗೆ, ಬೇವು, ಹೆಬ್ಬೇವು ಮುಂತಾದ ಮರಗಳನ್ನು ಬೆಳೆಸುವುದರಿಂದ ಮರದಲ್ಲಿಯೂ, ಆಳದ ಮಣ್ಣಿನಲ್ಲಿಯೂ ಇಂಗಾಲ ಶೇಖರವಾಗುತ್ತದೆ. ಸಸಿಗಳು ಹಾಗೂ ಪ್ರೋತ್ಸಾಹಧನದ ಬಗ್ಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಮಾಹಿತಿಯನ್ನು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ಪಡೆಯಬಹುದು.

8. ನಿರೀಕ್ಷಿಸಬಹುದಾದ ಲಾಭ

ಸಾವಯವ ಇಂಗಾಲ ಹೆಚ್ಚಿದರೆ ಮಣ್ಣು ಸ್ಪಂಜಿನಂತೆ ನೀರು ಹಿಡಿದಿಡುತ್ತದೆಂದು ಹೇಳಲಾಗುತ್ತದೆ. ಇದನ್ನು ಮಿತಿಯೊಳಗೆ ತಿಳಿದುಕೊಳ್ಳಬೇಕು. ಇಂಗಾಲ ಶೇ. 0.1ರಷ್ಟು ಹೆಚ್ಚಿದರೆ 15 ಸೆಂ.ಮೀ. ಆಳದ ಮಣ್ಣು ಬೆಳೆಗೆ ದೊರೆಯುವಂತೆ ಹೆಚ್ಚುವರಿಯಾಗಿ ಹಿಡಿದಿಡುವ ನೀರು 1 ಮಿ.ಮೀ.ಗಿಂತಲೂ ಕಡಿಮೆ. ನಿಜವಾದ ಲಾಭ ಬೇರೆ ಕಡೆಯಿಂದ ಬರುತ್ತದೆ. ಮಣ್ಣು ಹೆಪ್ಪುಗಟ್ಟದೆ ಮಳೆ ನೀರು ಹರಿದು ಹೋಗುವ ಬದಲು ಇಂಗುತ್ತದೆ, ಬೇರು ಆಳಕ್ಕಿಳಿಯುತ್ತದೆ, ಹಾಕಿದ ಗೊಬ್ಬರ ಬೆಳೆಗೆ ದಕ್ಕುತ್ತದೆ, ಉಳುಮೆ ಹಗುರವಾಗುತ್ತದೆ. ಮಳೆ ಬಿಡುವು ಕೊಟ್ಟಾಗ ಪೈರು ಕೆಲವು ದಿನ ಹೆಚ್ಚು ತಾಳಿಕೊಳ್ಳುವುದು ಈ ಎಲ್ಲದರ ಒಟ್ಟು ಫಲ.

9. ಮಣ್ಣು ಪರೀಕ್ಷೆ ಮಾಡಿಸುವ ವಿಧಾನ

ಮಣ್ಣು ಆರೋಗ್ಯ ಚೀಟಿ ಯೋಜನೆಯು 2015ರ ಫೆಬ್ರವರಿ 19ರಂದು ದೇಶದಾದ್ಯಂತ ಆರಂಭವಾಯಿತು. 2022-23ರಿಂದ ಇದನ್ನು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ ವಿಲೀನಗೊಳಿಸಲಾಗಿದೆ. ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್ ಸೇರಿದಂತೆ 12 ಅಂಶಗಳನ್ನು ನಮೂದಿಸಲಾಗುತ್ತದೆ.

ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು ಹಾಗೂ ಖುಷ್ಕಿ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ಸಂಗ್ರಹಿಸುವ ಕ್ರಮವನ್ನು ಅಳವಡಿಸಲಾಗಿತ್ತು. ಹೀಗಾಗಿ ಚೀಟಿಯಲ್ಲಿರುವ ಅಂಕಿಯು ನೆರೆಯ ಜಮೀನಿನ ಮಾದರಿಯಿಂದ ಬಂದಿರುವ ಸಾಧ್ಯತೆಯಿದೆ. ತಮ್ಮದೇ ಜಮೀನಿನ ಇಂಗಾಲದ ಏರಿಳಿತ ತಿಳಿಯಬಯಸುವ ರೈತರು ಪ್ರತ್ಯೇಕವಾಗಿ ಮಾದರಿ ನೀಡಿ ಪರೀಕ್ಷೆ ಮಾಡಿಸತಕ್ಕದ್ದು.

ಅರ್ಜಿ ಸಲ್ಲಿಸುವ ಸ್ಥಳ: ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ, ಮಣ್ಣು ಪರೀಕ್ಷಾ ಪ್ರಯೋಗಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರ.

ಜೊತೆಯಲ್ಲಿ ತರಬೇಕಾದವು: ಪಹಣಿ ಪ್ರತಿ, ಆಧಾರ್ ಪ್ರತಿ, ಫ್ರೂಟ್ಸ್ ನೋಂದಣಿ ಸಂಖ್ಯೆ ಇದ್ದಲ್ಲಿ ಅದರ ವಿವರ, ಮೊಬೈಲ್ ಸಂಖ್ಯೆ. ಶುಲ್ಕ ಪಾವತಿಸಬೇಕಾದಲ್ಲಿ ಕಡ್ಡಾಯವಾಗಿ ರಸೀದಿ ಪಡೆಯುವುದು.

ಮಾದರಿ ತೆಗೆಯುವ ಕ್ರಮ:

1) ಬೆಳೆ ಕೊಯ್ಲಾದ ನಂತರ, ಗೊಬ್ಬರ ಹಾಕುವುದಕ್ಕೆ ಮುಂಚೆ ಮಾದರಿ ತೆಗೆಯಬೇಕು.
2) ಜಮೀನಿನಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಸ್ಥಳಗಳನ್ನು ಗುರುತಿಸಬೇಕು. ಬದುವಿನ ಅಂಚು, ಮರದ ಬುಡ, ತಿಪ್ಪೆಯ ಜಾಗ, ನೀರು ನಿಲ್ಲುವ ತಗ್ಗುಗಳನ್ನು ಬಿಡಬೇಕು.
3) ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಮಣ್ಣು ಕೆತ್ತಿ ತೆಗೆಯಬೇಕು.
4) ಎಲ್ಲ ಮಣ್ಣನ್ನು ಬೆರೆಸಿ, ಬೇರು ಮತ್ತು ಕಲ್ಲು ಆರಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗಗಳನ್ನು ಉಳಿಸಿಕೊಳ್ಳಬೇಕು. ಅರ್ಧ ಕಿ.ಗ್ರಾಂ. ಉಳಿಯುವವರೆಗೆ ಹೀಗೆ ಮಾಡಬೇಕು.
5) ನೆರಳಿನಲ್ಲಿ ಒಣಗಿಸಿ, ಶುಭ್ರ ಚೀಲದಲ್ಲಿ ತುಂಬಿ, ಹೆಸರು, ಗ್ರಾಮ, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ, ದಿನಾಂಕ ಬರೆದ ಚೀಟಿ ಇಡಬೇಕು. ರಸಗೊಬ್ಬರದ ಹಳೆಯ ಚೀಲ ಬಳಸಬಾರದು.

ಇಂಗಾಲದ ಹೋಲಿಕೆಗಾಗಿ ವಿಶೇಷ ಸೂಚನೆ: ಮುಂದಿನ ಸಲವೂ ಅದೇ ಸ್ಥಳ, ಅದೇ ಆಳ, ಅದೇ ತಿಂಗಳು ಹಾಗೂ ಸಾಧ್ಯವಾದಷ್ಟು ಅದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಒಂದೇ ಮಣ್ಣಿನ ಎರಡು ಮಾದರಿಗಳ ನಡುವೆಯೂ ಶೇ. 0.05ರಷ್ಟು ವ್ಯತ್ಯಾಸ ಬರುವುದು ಸಹಜ. ಆದ್ದರಿಂದ ಒಂದು ವರ್ಷದ ಏರಿಳಿತದಿಂದ ತೀರ್ಮಾನಕ್ಕೆ ಬಾರದೆ, 3 ವರ್ಷಗಳಿಗೊಮ್ಮೆ ಪರೀಕ್ಷಿಸಿ ಎಲ್ಲ ವರದಿಗಳನ್ನು ಒಂದೆಡೆ ಇಟ್ಟುಕೊಳ್ಳುವುದು ಸೂಕ್ತ.

10. ಕಾರ್ಬನ್ ಕ್ರೆಡಿಟ್ ಒಪ್ಪಂದಗಳ ಬಗ್ಗೆ ಮುನ್ನೆಚ್ಚರಿಕೆ

ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡನ್ನು 1 ಟನ್‌ನಷ್ಟು ತಗ್ಗಿಸಿದ್ದಕ್ಕೆ ಅಥವಾ ಶೇಖರಿಸಿದ್ದಕ್ಕೆ ಒಂದು ಕ್ರೆಡಿಟ್ ನೀಡಲಾಗುತ್ತದೆ. ಇದನ್ನು ಕಂಪನಿಗಳು ಖರೀದಿಸುತ್ತವೆ. ಕೇಂದ್ರ ಕೃಷಿ ಮತ್ತು ರೈತ ಕಲ್ಯಾಣ ಸಚಿವಾಲಯವು ಕೃಷಿ ವಲಯದ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಸಂಬಂಧಿಸಿದ ಚೌಕಟ್ಟನ್ನು 2024ರ ಜನವರಿಯಲ್ಲಿ ಬಿಡುಗಡೆ ಮಾಡಿದೆ.

ರೈತರು ಮೊದಲು ಪ್ರಮಾಣವನ್ನು ತಿಳಿದಿರಬೇಕು. 1 ಕಿ.ಗ್ರಾಂ. ಇಂಗಾಲವು 3.67 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಕಲಂ 5ರಲ್ಲಿ ತಿಳಿಸಿದಂತೆ ಎಕರೆಗೆ ವರ್ಷಕ್ಕೆ 50 ಕಿ.ಗ್ರಾಂ. ಇಂಗಾಲ ಉಳಿದರೆ ಅದು ಸುಮಾರು 184 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್‌ಗೆ ಸಮನಾಗುತ್ತದೆ. ಅಂದರೆ ಒಂದು ಎಕರೆಯಿಂದ ಒಂದು ಕ್ರೆಡಿಟ್ ಆಗಲು ಐದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರಿಗೆ ಇದು ಪ್ರಮುಖ ಆದಾಯವಾಗುವ ಸಂಭವ ಕಡಿಮೆ.

ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು:

- ಒಪ್ಪಂದದ ಪ್ರತಿ ಕನ್ನಡದಲ್ಲಿದೆಯೇ, ಅವಧಿ ಎಷ್ಟು ವರ್ಷ?
- ಅಳತೆಯ ಖರ್ಚು ಯಾರದು? ಅದನ್ನು ರೈತರ ಪಾಲಿನಿಂದ ಕಡಿತ ಮಾಡಲಾಗುವುದೇ?
- ಕ್ರೆಡಿಟ್ ಮಾರಾಟದ ಹಣದಲ್ಲಿ ರೈತರ ಪಾಲೆಷ್ಟು, ಯಾವಾಗ ಪಾವತಿ?
- ಬರಗಾಲದಿಂದ ಅಥವಾ ಉಳುಮೆಯಿಂದ ಇಂಗಾಲ ಕಡಿಮೆಯಾದರೆ ಹಣ ಹಿಂದಿರುಗಿಸಬೇಕೇ?
- ಜಮೀನು ಮಾರಾಟ, ಪಾಲು ವಿಭಾಗ ಅಥವಾ ಗುತ್ತಿಗೆಯ ಸಂದರ್ಭದಲ್ಲಿ ಹೊಣೆ ಯಾರದು?
- ಬೆಳೆ ಬದಲಿಸುವ ಸ್ವಾತಂತ್ರ್ಯ ರೈತರಿಗೆ ಉಳಿಯುವುದೇ?

ಖಾಲಿ ಕಾಗದಕ್ಕೆ ಅಥವಾ ಓದಲು ಬಾರದ ಭಾಷೆಯ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಮಣ್ಣು ಪರೀಕ್ಷಾ ವರದಿ ಪಡೆಯಲು ಇಂತಹ ಯಾವುದೇ ಒಪ್ಪಂದದ ಅಗತ್ಯವಿರುವುದಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಜಮೀನಿನ ಇಂಗಾಲ ಶೇ. 0.35 ಇದೆ. ಎಲ್ಲಿಂದ ಪ್ರಾರಂಭಿಸಬೇಕು?
ಉತ್ತರ: ಬದು ದುರಸ್ತಿ, ತಿಪ್ಪೆಯ ಸರಿಯಾದ ನಿರ್ವಹಣೆ ಮತ್ತು ಅಕ್ಕಡಿ ಬೆಳೆ ಈ ಮೂರರಿಂದ. ಇವುಗಳಿಗೆ ಹೆಚ್ಚಿನ ಬಂಡವಾಳ ಬೇಕಿಲ್ಲ.

ಪ್ರಶ್ನೆ: ದನಗಳಿಲ್ಲ, ಗೊಬ್ಬರ ಕೊಂಡು ಹಾಕಿದರೆ ಸಾಲದೇ?
ಉತ್ತರ: ಬೆಳೆಗೆ ಅನುಕೂಲವಾಗುತ್ತದೆ. ಆದರೆ ಬೇರೆಯವರ ಹೊಲಕ್ಕೆ ಹೋಗಬೇಕಾದ ಗೊಬ್ಬರ ನಿಮ್ಮ ಹೊಲಕ್ಕೆ ಬಂದರೆ ಇಂಗಾಲ ಸ್ಥಳ ಬದಲಿಸಿದಂತಾಗುವುದೇ ವಿನಾ ಒಟ್ಟಾರೆ ಹೆಚ್ಚಿದಂತಾಗುವುದಿಲ್ಲ. ನಿಮ್ಮ ಜಮೀನಿನಲ್ಲೇ ಹಸಿರೆಲೆ ಬೆಳೆ, ಬದುವಿನ ಗಿಡ ಮತ್ತು ಉಳಿಕೆಗಳ ಕಾಂಪೋಸ್ಟನ್ನು ಜೊತೆಗೂಡಿಸಿ.

ಪ್ರಶ್ನೆ: ರಸಗೊಬ್ಬರ ಪೂರ್ಣ ನಿಲ್ಲಿಸಿದರೆ ಇಂಗಾಲ ಹೆಚ್ಚುತ್ತದೆಯೇ?
ಉತ್ತರ: ಪೋಷಕಾಂಶ ಕೊರತೆಯಿಂದ ಬೆಳೆ ಕುಂಠಿತವಾದರೆ ಬೇರು ಮತ್ತು ಉಳಿಕೆಗಳೂ ಕಡಿಮೆಯಾಗುತ್ತವೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಎರಡನ್ನೂ ಸೇರಿಸಿ ಬಳಸುವುದು ಪ್ರಯೋಗಗಳಿಂದ ದೃಢಪಟ್ಟ ಮಾರ್ಗ.

ಪ್ರಶ್ನೆ: ಒಂದೆರಡು ವರ್ಷ ಗೊಬ್ಬರ ಹಾಕಿ ನಿಲ್ಲಿಸಿದರೆ?
ಉತ್ತರ: ಸೇರಿಸಿದ ಇಂಗಾಲ ಕ್ರಮೇಣ ಕರಗಿ ಹೋಗುತ್ತದೆ. ವರ್ಷಕ್ಕೆ 8 ಗಾಡಿ ಸಾಧ್ಯವಾಗದಿದ್ದಲ್ಲಿ 4 ಗಾಡಿಯಾದರೂ ತಪ್ಪದೆ ಹಾಕುವುದು, ಒಮ್ಮೆ ಹೆಚ್ಚು ಹಾಕಿ ನಿಲ್ಲಿಸುವುದಕ್ಕಿಂತ ಮೇಲು.

12. ಹೆಚ್ಚಿನ ಮಾಹಿತಿಗಾಗಿ

ರೈತ ಬಾಂಧವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳನ್ನು, ತಾಲ್ಲೂಕು ಮಟ್ಟದಲ್ಲಿ ಸಹಾಯಕ ಕೃಷಿ ನಿರ್ದೇಶಕರನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ. ಸಂಪರ್ಕಿಸುವಾಗ ಇತ್ತೀಚಿನ ಮಣ್ಣು ಪರೀಕ್ಷಾ ವರದಿಯನ್ನು ಜೊತೆಯಲ್ಲಿಟ್ಟುಕೊಳ್ಳಲು ಕೋರಲಾಗಿದೆ.